ಹರಳುಗಳ ಸಂಗ್ರಹ

ಕುಷ್ಟಗಿಯ ಸೀಮೆಯಲ್ಲಿ ಮಳೆಗೆ ಬರವುಂಟು, ಕಲ್ಲಿಗೆ ಬರವಿಲ್ಲ. ಹೊಲದ ಬದುವಿನಲ್ಲಿ ಕಲ್ಲು, ಮನೆಯ ಗೋಡೆಯಲ್ಲಿ ಕಲ್ಲು, ಗುಡಿಯ ಮೆಟ್ಟಿಲಲ್ಲಿ ಕಲ್ಲು, ದಿಕ್ಕುದಿಕ್ಕಿಗೂ ಬಂಡೆಗಳ ಗುಡ್ಡಗಳು. ಇಳಕಲ್ಲು ಮತ್ತು ಕುಷ್ಟಗಿಯ ಸುತ್ತಿನ ಕೆಂಬಣ್ಣದ ಕಣಶಿಲೆಯು, ಎಂದರೆ ಗ್ರಾನೈಟು, ನುಣುಪು ಹೊಂದಿ ದೂರದೂರದ ಕಟ್ಟಡಗಳ ನೆಲಕ್ಕೂ ಗೋಡೆಗೂ ಒದಗುತ್ತಿರುವುದು. ಹೀಗೆ ಕಲ್ಲನ್ನು ಒಡೆಯಲು, ಕೆತ್ತಲು, ಮಾರಲು ಬಲ್ಲವರು ನಮ್ಮಲ್ಲಿ ಹೇರಳವಾಗಿರುವರು; ಆದರೆ ಕಲ್ಲನ್ನು ಕೈಯಲ್ಲಿ ಹಿಡಿದು, ಇದು ಯಾವುದರಿಂದ ಆಯಿತು, ಹೇಗೆ ಬೆಳೆಯಿತು ಎಂದು ವಿಚಾರಿಸತಕ್ಕವರು ವಿರಳ. ಅಂಥ ವಿಚಾರಕ್ಕೆ ಅತ್ಯಂತ ಸುಲಭವಾದ ಬಾಗಿಲು ಯಾವುದೆಂದರೆ, ಖನಿಜಗಳ ಹರಳುಗಳನ್ನು ಕೂಡಿಡುವ ಹವ್ಯಾಸ. ಹಣವಿದ್ದವರಿಗೆ ಮಾತ್ರ ತಕ್ಕ ಹವ್ಯಾಸವಿದೆಂಬ ಭಾವನೆಯು ಜನರಲ್ಲಿರುವುದು. ಅದು ನಿಜವಲ್ಲವೆಂದು ತೋರಿಸುವುದೂ, ಈ ಹವ್ಯಾಸದಲ್ಲಿ ಮುಖ್ಯವಾದುದು ಯಾವುದೆಂದು ಹೇಳುವುದೂ ಈ ಭಾಷಣದ ಉದ್ದೇಶ.

ಮೊದಲು ಹರಳೆಂದರೆ ಏನೆಂಬುದನ್ನು ತಿಳಿಯೋಣ. ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ; ಅಡಿಗೆಮನೆ ಸಾಕು. ಕಲ್ಲುಸಕ್ಕರೆಯ ಗಟ್ಟಿಯಲ್ಲಿ ಕೆಲವು ವೇಳೆ ಒಂದು ನೂಲು ಸಿಕ್ಕುವುದನ್ನು ಎಲ್ಲರೂ ಕಂಡಿರುವರು. ಸಕ್ಕರೆಯ ಗಟ್ಟಿ ಪಾಕವು ನಿಧಾನವಾಗಿ ಆರುತ್ತ ಬರುವಾಗ, ಅದರ ಕಣಗಳು ಆ ನೂಲನ್ನು ಆಶ್ರಯಿಸಿ, ಒಂದರ ಪಕ್ಕಕ್ಕೆ ಒಂದು ಸಾಲುಗೂಡಿ ನಿಲ್ಲುವುವು. ಗೌಂಡಿಯು ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನು ಕ್ರಮವಾಗಿ ಇಟ್ಟರೆ ಗೋಡೆಯು ಹೇಗೆ ನೆಟ್ಟಗೆ ಏಳುವುದೋ, ಹಾಗೆ ಕಣಗಳ ಒಳಗಿನ ಕ್ರಮವೇ ಹೊರಗೆ ಸಮತಲವಾದ ಮುಖಗಳಾಗಿ ಕಾಣಿಸಿಕೊಳ್ಳುವುದು. ಹರಳನ್ನು ಯಾರೂ ಉಜ್ಜಿ ಪಟ್ಟೆ ಹಿಡಿಸಿದುದಲ್ಲ; ಅದರ ಮುಖಗಳು ಅದರ ಹುಟ್ಟುಗುಣ.

ಈ ಸಂಗತಿಯನ್ನು ಶಾಸ್ತ್ರದ ಹಾದಿಗೆ ತಂದವನು ಡೆನ್ಮಾರ್ಕ್ ದೇಶದ ಸ್ಟೀನೋ ಎಂಬ ವಿದ್ವಾಂಸನು. ಬೆಣಚಿನ ಹರಳುಗಳು ಸಣ್ಣವಿರಲಿ ದೊಡ್ಡವಿರಲಿ, ನೀಳವಾಗಿರಲಿ ಮೊಂಡಾಗಿರಲಿ, ಅವುಗಳ ಸರಿಸಮವಾದ ಮುಖಗಳ ನಡುವಣ ಕೋನವು ಒಂದೇ ಆಗಿರುವುದೆಂದು 1669ರಲ್ಲಿ ಅವನು ತೋರಿಸಿಕೊಟ್ಟನು. ಬೆಣಚಿನ ಪಕ್ಕದ ಎರಡು ಮುಖಗಳ ನಡುವೆ 120 ಅಂಶಗಳು; ಕುಷ್ಟಗಿಯ ಹರಳಾದರೂ ಅಷ್ಟೆ, ಆಲ್ಪ್ಸ್ ಪರ್ವತದ ಹರಳಾದರೂ ಅಷ್ಟೆ. ಇದಕ್ಕೆ ಒಳಗಿನ ಕಣಗಳ ಜೋಡಣೆಯೇ ಕಾರಣವಾಗಿರಬೇಕೆಂದು ಫ್ರಾನ್ಸಿನ ಹಾವೀ ಎಂಬಾತನು 1784ರಲ್ಲಿ ವಾದಿಸಿದನು. 1912ರಲ್ಲಿ ಲೌವೆ ಎಂಬ ಜರ್ಮನ್ ಪಂಡಿತನ ಸೂಚನೆಯಂತೆ ಹರಳಿನ ಮೂಲಕ ಕ್ಷಕಿರಣಗಳನ್ನು ಹಾಯಿಸಿ ನೋಡಲಾಗಿ, ಆ ಜೋಡಣೆಯ ಗುರುತುಗಳು ಛಾಯಾಚಿತ್ರದ ಫಲಕದ ಮೇಲೆ ಮೂಡಿದುವು. ಅದಕ್ಕೆ ಸುಮಾರು ಇನ್ನೂರ ನಲವತ್ತು ವರ್ಷಗಳ ಹಿಂದೆ ಕೋನಗಳನ್ನು ಅಳೆದವನ ಕೈಯಲ್ಲಿದ್ದುದು ಇಂಥವೇ ಬೆಣಚಿನ ಹರಳುಗಳೆಂಬುದನ್ನು ಮರೆಯಬಾರದು.

ಹಾಗಾದರೆ ಕುಷ್ಟಗಿಯ ಬಂಡೆಗಳಲ್ಲಿ ಹರಳುಗಳು ಏಕೆ ಕಾಣುವುದಿಲ್ಲವೆಂಬ ಪ್ರಶ್ನೆ ಏಳಬಹುದು. ವಾಸ್ತವವಾಗಿ ಇಡೀ ಬಂಡೆಯೇ ಹರಳುಗಳ ರಾಶಿ. ಹೊಸದಾಗಿ ಒಡೆದ ತುಂಡೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿದರೆ ಮೂರು ಬಗೆಯ ಕಣಗಳು ತಮ್ಮನ್ನು ತಾವೇ ತೋರಿಸಿಕೊಳ್ಳುವುವು. ಗುಲಾಬಿ ಬಣ್ಣದ, ಚಪ್ಪಟೆಯಾಗಿ ಥಳಥಳಿಸುವ ಕಣವು ಫೆಲ್ಡ್‌ಸ್ಪಾರ್. ಅದರ ಮೈಯಲ್ಲಿ ಸೂಕ್ಷ್ಮವಾಗಿ ಹರಡಿರುವ ಕಬ್ಬಿಣದ ಕಿಲುಬಿನಂಥ ವಸ್ತುವೇ ಆ ಕೆಂಪಿಗೆ ಕಾರಣ. ಗಾಜಿನ ಚೂರಿನಂತೆ ಮಸುಕಾಗಿ ಹೊಳೆಯುವುದು ಬೆಣಚು. ಕಪ್ಪಾಗಿ ಮಿನುಗುತ್ತ, ಉಗುರಿನಿಂದ ಎಬ್ಬಿಸಿದರೆ ಪದರವಾಗಿ ಏಳುವುದು ಅಭ್ರಕ. ಇದರ ಜಾತಿಗೇ ನಮ್ಮ ಜನರು ಕಾಗೆಬಂಗಾರವೆಂದು ಸೊಗಸಾದ ಹೆಸರನ್ನಿಟ್ಟಿರುವರು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ಮೆಲ್ಲಮೆಲ್ಲನೆ ಆರಿದಾಗ ಈ ಮೂರೂ ಒಟ್ಟಿಗೆ ಬೆಳೆಯಲು ತೊಡಗಿದುವು. ಆದರೆ ಸ್ಥಳವೆಲ್ಲಿ? ಜಾತ್ರೆಯ ಗುಂಪಿನಲ್ಲಿ ನಿಂತವನು ಕೈ ಚಾಚಲಾರದಂತೆ, ಒಂದರ ಮುಖವನ್ನು ಇನ್ನೊಂದು ಒತ್ತಿ ಮುರುಟಿಸಿತು. ಹರಳಿಗೆ ಕಾಲವಿದ್ದರೆ ಸಾಲದು, ಕಡೆಗೆ ಅದರ ಮುಖವು ತೆರೆದುಕೊಳ್ಳುವುದಕ್ಕೆ ಬರಿದಾದ ಜಾಗವೂ ಬೇಕು.

ಆದುದರಿಂದ ಸಂಗ್ರಾಹಕನು ಹುಡುಕತಕ್ಕದ್ದು ಬಂಡೆಯನ್ನಲ್ಲ, ಬಂಡೆಯೊಳಗಿನ ಬಿರುಕು ಮತ್ತು ಪೊಳ್ಳುಗಳನ್ನು. ಶಿಲಾರಸವು ಬಹುಮಟ್ಟಿಗೆ ಗಟ್ಟಿಯಾದ ಬಳಿಕ, ನೀರಿನ ಅಂಶವು ಹೆಚ್ಚಾಗಿರುವ ಕೊನೆಯ ರಸವು ಬಿರುಕುಗಳಲ್ಲಿ ಹೊಕ್ಕು ಆರುವುದು. ಅಲ್ಲಿ ಕಣಗಳು ಕಾಳಿನಷ್ಟಲ್ಲದೆ ಅಂಗೈಯಷ್ಟು ದೊಡ್ಡವಾಗಿ ಬೆಳೆಯುವುವು. ಇಂಥ ಎಳೆಗಳನ್ನು ಪೆಗ್ಮಟೈಟೆಂದು ಕರೆಯುವರು. ಬಂಡೆಯ ಮೈಯಲ್ಲಿ ದಪ್ಪಕಣದ ಪಟ್ಟಿಯೊಂದು ಅಡ್ಡಲಾಗಿ ಹಾಯ್ದಿದ್ದರೆ ಅದನ್ನು ಸಂಶಯಿಸಿ ನೋಡಬೇಕು. ಹಾಗೆಯೇ ಬೆಳ್ಳನೆಯ ಬೆಣಚಿನ ಎಳೆಗಳು. ಇವುಗಳ ನಡುವೆ ಎಲ್ಲಿಯಾದರೂ ಪೊಳ್ಳು ಉಳಿದಿದ್ದರೆ, ಅದರ ಗೋಡೆಗಳಿಂದ ಆರು ಮುಖದ ಹರಳುಗಳು ಹಲ್ಲುಗಳಂತೆ ಒಳಮುಖವಾಗಿ ಚಾಚಿಕೊಂಡಿರುವುದುಂಟು.

ಒಂದು ದಿನದ ಪ್ರಯಾಣಕ್ಕೆ ಎಟಕುವ ಸುತ್ತಿನಲ್ಲಿ ಶಿಲೆಗಳ ಜಾತಿಯು ಎಷ್ಟು ಬದಲಾಗುವುದೆಂಬುದು ಕುಷ್ಟಗಿಯವರ ಭಾಗ್ಯವೇ ಸರಿ. ಈಶಾನ್ಯಕ್ಕೆ ಹೋದರೆ ಲಿಂಗಸುಗೂರು ಸೀಮೆಯ ಹಟ್ಟಿ. ಅಲ್ಲಿ ಕಪ್ಪುಹಸುರಿನ ಪುರಾತನ ಶಿಲೆಗಳ ನಡುವಣ ಬೆಣಚಿನ ಎಳೆಗಳಿಂದ ಇಂದಿಗೂ ಚಿನ್ನವನ್ನು ತೆಗೆಯುತ್ತಿರುವರು. ಪಶ್ಚಿಮಕ್ಕೆ ಗಜೇಂದ್ರಗಡ, ಬಾದಾಮಿಗಳ ಕಡೆ ಮರಳುಗಲ್ಲು. ಬಾಗಲಕೋಟೆಯ ಸುತ್ತ ಸುಣ್ಣದ ಕಲ್ಲು. ಇದರ ಬಿರುಕುಗಳಲ್ಲಿ ಕ್ಯಾಲ್ಸೈಟಿನ ಹರಳುಗಳನ್ನು ಹುಡುಕಬೇಕು. ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸಿನ ಅದುರುಗಳು. ಕೃಷ್ಣೆಯನ್ನು ದಾಟಿ ವಿಜಾಪುರದ ಕಡೆಗೆ ನಡೆದರೆ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸದ ಕರಿಗಲ್ಲು. ಇವೆಲ್ಲಕ್ಕೂ ಒಂದೊಂದು ಮಾದರಿಯು ಪೆಟ್ಟಿಗೆಯಲ್ಲಿ ಸೇರಿದರೆ ಅದು ಈ ನಾಡಿನ ಭೂಚರಿತ್ರೆಯ ಸಂಕ್ಷೇಪವೇ ಆಗುವುದು. ಹಳ್ಳದ ಮರಳೂ ಬರಿದಲ್ಲ: ಸೂಜಿಗಲ್ಲನ್ನು ಕಾಗದದಲ್ಲಿ ಸುತ್ತಿ ಒಣಮರಳಿನಲ್ಲಿ ಆಡಿಸಿದರೆ, ಅಂಟಿಕೊಂಡು ಬರುವ ಕಪ್ಪು ಕಣಗಳು ಬಹುಮಟ್ಟಿಗೆ ಮ್ಯಾಗ್ನಟೈಟೆಂಬ ಕಬ್ಬಿಣದ ಖನಿಜ.

ಸಿಕ್ಕಿದ ವಸ್ತುವು ಯಾವುದೆಂದು ಗುರುತಿಸಲು ಬಣ್ಣವನ್ನು ನಂಬಲಾಗದು. ಬೆಣಚೊಂದೇ ಬಿಳಿ, ಹೊಗೆ, ನೇರಳೆ, ಗುಲಾಬಿ ಬಣ್ಣಗಳನ್ನು ತಳೆಯಬಲ್ಲುದು. ಕಾಠಿನ್ಯವು ಇದಕ್ಕಿಂತ ನಂಬಿಕೆಗೆ ಅರ್ಹವಾದುದು. ಮೋಸ್ ಎಂಬ ಖನಿಜಶಾಸ್ತ್ರಜ್ಞನು 1812ರಲ್ಲಿ ಹತ್ತು ಖನಿಜಗಳನ್ನು ಮೆಟ್ಟಿಲುಗಳಂತೆ ಜೋಡಿಸಿದನು: ಬಳಪದ ಕಲ್ಲಿನ ಮುಖ್ಯಾಂಶವಾದ ಟಾಲ್ಕಿಗೆ 1, ಜಿಪ್ಸಮ್ಮಿಗೆ 2, ಕ್ಯಾಲ್ಸೈಟಿಗೆ 3, ಫ್ಲೋರೈಟಿಗೆ 4, ಅಪಟೈಟಿಗೆ 5, ಫೆಲ್ಡ್‌ಸ್ಪಾರಿಗೆ 6, ಬೆಣಚಿಗೆ 7, ಪುಷ್ಯರಾಗಕ್ಕೆ 8, ಕುರುಂದಕ್ಕೆ 9, ವಜ್ರಕ್ಕೆ 10. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀರುವುದು. ಉಗುರು ಎರಡೂವರೆ, ಚಾಕು ಸುಮಾರು ಐದೂವರೆ ಎಂದು ಲೆಕ್ಕವಿಟ್ಟರೆ ಮನೆಯಲ್ಲಿಯೇ ಪರೀಕ್ಷೆ ನಡೆಯುವುದು. ಬಿಳಿಯ ಹರಳು ಚಾಕುವಿಗೆ ಗೀರಿಸಿಕೊಂಡು, ನಿಂಬೆಯ ರಸಕ್ಕೆ ಸಣ್ಣ ಗುಳ್ಳೆಗಳನ್ನು ಬಿಟ್ಟರೆ ಅದು ಕ್ಯಾಲ್ಸೈಟು. ಚಾಕುವಿಗೆ ಬಗ್ಗದೆ ಗಾಜನ್ನೇ ಗೀರಿದರೆ ಬೆಣಚು. ಚಿನ್ನವೆಂದು ಭ್ರಮೆಗೊಳಿಸುವ ಮಾಕ್ಷಿಕವನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಕಪ್ಪುಗೆರೆ ಬೀಳುವುದು. ನಿಜವಾದ ಚಿನ್ನದ ಗೆರೆ ಹಳದಿಯೇ.

ಇಲ್ಲಿಯವರೆಗೆ ಹೇಳಿದುದು ಕೈಗೆ ಸೇರಿದ ವಿದ್ಯೆ. ಈ ಹವ್ಯಾಸದ ಪ್ರಾಣವಿರುವುದು ಬೇರೆ ಕಡೆ. ಮೇಜಿನ ಮೇಲೆ ಎರಡು ಬೆಣಚಿನ ಹರಳುಗಳಿವೆಯೆಂದು ಭಾವಿಸೋಣ. ಒಂದು ಬೆರಳಿನುದ್ದವಾಗಿ, ನೀರಿನಂತೆ ನಿರ್ಮಲವಾಗಿರುವುದು. ಆದರೆ ಎಲ್ಲಿಂದ ಬಂದಿತೆಂಬುದು ಯಾರಿಗೂ ತಿಳಿಯದು. ಇನ್ನೊಂದು ಹುಣಿಸೆಬೀಜದಷ್ಟು, ಮೂಲೆಯೂ ಮುಕ್ಕಾಗಿರುವುದು; ಆದರೆ ಅದರೊಡನೆ, ಇಂಥ ಊರಿನ ಇಂಥ ಗುಡ್ಡದ ಇಂಥ ಎಳೆಯಲ್ಲಿ ಇಂಥ ದಿನ ದೊರೆತುದೆಂಬ ಚೀಟಿಯಿರುವುದು. ಒಡವೆಯ ಅಂಗಡಿಯಲ್ಲಿ ಮೊದಲನೆಯದಕ್ಕೆ ಬೆಲೆ; ಸಂಗ್ರಹದಲ್ಲಿ ಎರಡನೆಯದಕ್ಕೆ ಬೆಲೆ. ಮೊದಲನೆಯದು ಕಣ್ಣಿಗೆ ಸಂತೋಷವನ್ನಿತ್ತು ಸುಮ್ಮನಾಗುವುದು. ಎರಡನೆಯದು ಆ ಗುಡ್ಡದ ವಿಷಯದಲ್ಲಿ ಸಾಕ್ಷಿ ನುಡಿಯುವುದು.

ಇದಕ್ಕೆ ನಿದರ್ಶನವಾಗಿ ರಾಬರ್ಟ್ ಬ್ರೂಸ್ ಫೂಟನನ್ನು ಸ್ಮರಿಸಬೇಕು. ಆತನು ಭೂಶೋಧನ ಇಲಾಖೆಯ ಅಧಿಕಾರಿಯಾಗಿ ದಕ್ಷಿಣದ ನಾಡುಗಳನ್ನೆಲ್ಲ ಸುತ್ತಿದವನು; 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು ಸ್ಥಾಪಿತವಾದಾಗ ಅದಕ್ಕೆ ಮೊದಲ ಮುಖ್ಯಸ್ಥನಾದವನು. ಬಂಡೆಗಳನ್ನು ಪರೀಕ್ಷಿಸುತ್ತ ನಡೆದ ಆತನ ಕಣ್ಣು 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಶಿಲಾಯುಗದ ಮಾನವನ ಕೈಗೊಡಲಿಯನ್ನು ಕಂಡುಹಿಡಿಯಿತು. ಅನಂತರ ನಾಲ್ಕು ದಶಕಗಳ ಕಾಲ ತಾನು ಕೂಡಿಸಿದ ಕಲ್ಲಿನ ಆಯುಧಗಳಿಗೂ ಮಡಕೆಯ ಚೂರುಗಳಿಗೂ ಆತನು ದೊರೆತ ಸ್ಥಳವನ್ನು ಬರೆದಿಟ್ಟನು. ಆ ಸಂಗ್ರಹವು ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಆತನು ಸಿದ್ಧಪಡಿಸಿದ ಪಟ್ಟಿಯು ಆತನು ತೀರಿಕೊಂಡ ಎರಡು ವರ್ಷಗಳ ಮೇಲೆ, 1914ರಲ್ಲಿ ಅಚ್ಚಾಯಿತು. ಇಂದಿಗೂ ವಿದ್ವಾಂಸರು ಆ ಪಟ್ಟಿಯನ್ನು ಹಿಡಿದು ಆಯಾ ಸ್ಥಳಗಳಿಗೆ ಹೋಗಬಲ್ಲರು. ಸ್ಥಳದ ಹೆಸರಿಲ್ಲದಿದ್ದರೆ ಅಷ್ಟೂ ಬರಿಯ ಕಲ್ಲಿನ ರಾಶಿಯಾಗುತ್ತಿತ್ತು.

ಕುಷ್ಟಗಿಗೆ ಇನ್ನೂ ಹತ್ತಿರದ ನಿದರ್ಶನವುಂಟು. 1948ರ ವರೆಗೆ ಈ ಸೀಮೆಯೆಲ್ಲವೂ ನಿಜಾಮರ ರಾಜ್ಯಕ್ಕೆ ಸೇರಿದ್ದಿತಷ್ಟೆ. 1915ರಲ್ಲಿ ಆ ಸರ್ಕಾರದ ಸೇವೆಯಲ್ಲಿದ್ದ ಬೀಡನ್ ಎಂಬ ಗಣಿಯ ಎಂಜಿನಿಯರು ಚಿನ್ನದ ನೆಲೆಗಳನ್ನು ಹುಡುಕುತ್ತ ಮಸ್ಕಿಗೆ ಬಂದು, ಅಲ್ಲಿಯ ಬಂಡೆಯ ಮೇಲೆ ಅಕ್ಷರಗಳಿರುವುದನ್ನು ಕಂಡನು. ಅದು ಅಶೋಕನ ಶಾಸನವಾಗಿದ್ದಿತು. ದೇವಾನಾಂಪ್ರಿಯನೆಂಬ ಬಿರುದು ಮಾತ್ರವಲ್ಲದೆ ಅಶೋಕನೆಂಬ ಹೆಸರೇ ಅದರಲ್ಲಿ ಕೆತ್ತಿದ್ದುದರಿಂದ, ಶಾಸನಗಳ ರಾಜನು ಯಾರೆಂಬ ವಿಷಯದಲ್ಲಿ ಉಳಿದಿದ್ದ ಸಂದೇಹವು ಪರಿಹಾರವಾಯಿತು. ಆ ಬಂಡೆಯ ಪಕ್ಕದಲ್ಲಿ ಎಷ್ಟು ತಲೆಮಾರಿನವರು ನಡೆದಾಡಿರಬೇಕು! ಕಲ್ಲನ್ನು ನೋಡುವ ಅಭ್ಯಾಸವುಳ್ಳ ಕಣ್ಣಿಗೆ ಹುಡುಕಿದುದಕ್ಕಿಂತ ಹೆಚ್ಚಿನದು ದೊರೆಯುವುದುಂಟು. 1954ರಲ್ಲಿ ಅದೇ ಮಸ್ಕಿಯಲ್ಲಿ ಅಗೆದಾಗ ಅಗೇಟು, ಕಾರ್ನೀಲಿಯನ್ ಮೊದಲಾದ ಕಲ್ಲುಗಳ ಮಣಿಗಳು ಸಿಕ್ಕಿದುವು. ಆ ಜಾತಿಯ ಕಲ್ಲುಗಳಿಗೆ ತವರು ಉತ್ತರದ ಲಾವಾಶಿಲೆಗಳ ಪೊಳ್ಳುಗಳು; ಕೃಷ್ಣಾ, ಭೀಮಾ ನದಿಗಳ ಗರಸಿನಲ್ಲಿಯೂ ಅವು ದೊರೆಯುವುವು. ಕಲ್ಲಿನ ತವರನ್ನು ತಿಳಿದವನು ಅದರ ಪ್ರಯಾಣವನ್ನೂ ತಿಳಿಯಬಲ್ಲನು.

ಆದುದರಿಂದ ಹರಳನ್ನು ಎತ್ತಿಕೊಂಡ ಸ್ಥಳದಲ್ಲಿಯೇ ಚೀಟಿಯನ್ನು ಬರೆಯತಕ್ಕದ್ದು. ಮನೆಗೆ ಹೋಗಿ ಬರೆದರಾಯಿತೆಂಬುವನು ಸಂಜೆಗೆ ನಾಲ್ಕು ಕಲ್ಲುಗಳನ್ನು ಒಂದರೊಡನೊಂದು ಬೆರಸಿಬಿಡುವನು. ಕಾಗದದಲ್ಲಿ ಸುತ್ತುವ ಮೊದಲು ಚೀಟಿಯನ್ನು ಒಳಗಿಡಬೇಕು. ಮನೆಯಲ್ಲಿ ಒಂದು ದಫ್ತರವಿರಬೇಕು. ಹರಳಿನ ಹಿಂಬದಿಯಲ್ಲಿ ಕಾಣದಂಥ ಮೂಲೆಗೆ ಬಿಳಿಯ ಬಣ್ಣದ ಸಣ್ಣ ಬೊಟ್ಟನ್ನಿಟ್ಟು, ಆರಿದ ಮೇಲೆ ಕಪ್ಪು ಮಸಿಯಿಂದ ಸಂಖ್ಯೆಯನ್ನು ಬರೆಯಬೇಕು. ಅದೇ ಸಂಖ್ಯೆಯು ದಫ್ತರದಲ್ಲಿ: ಖನಿಜದ ಹೆಸರು, ತಾಲ್ಲೂಕು, ಗ್ರಾಮ, ಗುಡ್ಡ ಅಥವಾ ಹಳ್ಳ, ಯಾವ ಶಿಲೆಯೊಳಗಿಂದ, ಯಾವ ದಿನ, ಯಾರು ಕೊಟ್ಟರು. ಹೆಸರು ಖಚಿತವಿಲ್ಲದಿದ್ದರೆ ಆ ಸ್ಥಳವನ್ನು ಬರಿದಾಗಿ ಬಿಡಬಹುದು. ಊರಿನ ಸ್ಥಳವನ್ನು ಮಾತ್ರ ಎಂದಿಗೂ ಬರಿದಾಗಿ ಬಿಡಕೂಡದು. ಖನಿಜದ ಹೆಸರನ್ನು ನೂರು ವರ್ಷಗಳ ಮೇಲೆ ಬೇರೊಬ್ಬರು ಕಂಡುಹಿಡಿಯಬಹುದು. ಊರನ್ನು ಕಂಡುಹಿಡಿಯುವ ಯಂತ್ರವನ್ನು ಇದ್ದಕ್ಕಿದ್ದಂತೆ ಯಾರೂ ತರಲಾರರು.

ಸಂಗ್ರಹಣಕ್ಕೆ ಕೆಲವು ಕಟ್ಟುಪಾಡುಗಳೂ ಉಂಟು. ಕಲ್ಲುಗಣಿಯಲ್ಲಿ ಯಜಮಾನರ ಅಪ್ಪಣೆಯಿಲ್ಲದೆ ಕಾಲಿಡಬಾರದು; ಮದ್ದಿನ ಕೆಲಸ ನಡೆಯುವ ವೇಳೆಯಲ್ಲಂತೂ ಹತ್ತಿರ ಸುಳಿಯಬಾರದು; ಕಡಿದ ಬಂಡೆಯ ಗೋಡೆಯ ಕೆಳಗೆ ನಿಲ್ಲಬಾರದು. ಗಣಿಯೊಳಗೆ ಇಳಿಯುವುದಕ್ಕಿಂತ, ಹೊರಗೆ ಸುರಿದ ಚೂರುಗಳ ಗುಡ್ಡೆಯನ್ನು ತಾಳ್ಮೆಯಿಂದ ಕೆದಕುವುದು ಲೇಸು. ಸುತ್ತಿಗೆಯನ್ನೆತ್ತಿದಾಗ ಕಣ್ಣಿಗೆ ಕನ್ನಡಕವಿರಲಿ. ಹಟ್ಟಿಯ ಅದುರಿನಂಥವುಗಳಲ್ಲಿ ಪಾಷಾಣದ ಅಂಶವುಳ್ಳ ಖನಿಜಗಳಿರುವುದರಿಂದ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂಡಬಾರದು. ಇನ್ನು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಪ್ರಾಚೀನರು ಚಪ್ಪಡಿಗಳಿಂದ ಕಟ್ಟಿದ ನೂರಾರು ಶಿಲಾಗೃಹಗಳಿರುವುವು. 2021ರಲ್ಲಿ ಅವು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ಅಂಥ ಸ್ಥಳಗಳಲ್ಲಿ, ಶಾಸನದ ಬಂಡೆಗಳಲ್ಲಿ, ಗುಡಿಗಳಲ್ಲಿ ಒಂದು ಚೂರನ್ನೂ ಮುಟ್ಟತಕ್ಕದ್ದಲ್ಲ. ನೆಲೆಯಲ್ಲಿದ್ದ ಕಲ್ಲನ್ನು ಕೀಳುವುದು ಸಂಗ್ರಹವಲ್ಲ, ಅಪಹರಣ.

ತಂದ ಹರಳುಗಳನ್ನು ನೀರಿನಲ್ಲಿ ನೆನೆಯಿಟ್ಟು ಮೃದುವಾದ ಕುಂಚದಿಂದ ತೊಳೆದರೆ ಸಾಕು. ಆದರೆ ನೀರಿನಲ್ಲಿ ಕರಗುವ ಉಪ್ಪಿನಂಥವುಗಳನ್ನು ಒಣಬಟ್ಟೆಯಿಂದಲೇ ಒರಸಬೇಕು. ಹುಳಿಯನ್ನು ಹಚ್ಚಿ ಹೊಳೆಯಿಸಲು ಹೋದರೆ ಕ್ಯಾಲ್ಸೈಟು ಮುಖವನ್ನೇ ಕಳೆದುಕೊಳ್ಳುವುದು. ನೇರಳೆ ಬಣ್ಣದ ಬೆಣಚನ್ನು ಬಹುಕಾಲ ಬಿಸಿಲಿಗಿಟ್ಟರೆ ಬಣ್ಣವು ಮಾಸುವುದು. ಮಾಕ್ಷಿಕವು ತೇವದ ಗಾಳಿಯಲ್ಲಿ ಪುಡಿಯಾಗುತ್ತ, ಗಂಧಕಾಮ್ಲವನ್ನು ಹೊರಪಡಿಸಿ, ತನ್ನ ಚೀಟಿಯನ್ನೂ ಪೆಟ್ಟಿಗೆಯನ್ನೂ ತಿಂದುಹಾಕುವುದು. ಇದನ್ನು ಒಣಗಿದ ಡಬ್ಬಿಯಲ್ಲಿ ಬೇರೆಯಾಗಿಯೇ ಇಡತಕ್ಕದ್ದು.

ಪ್ರದರ್ಶನಕ್ಕೆ ಬೀಟೆಯ ಕಪಾಟೇ ಆಗಬೇಕೆಂಬ ನಿಯಮವಿಲ್ಲ. ಮಿಠಾಯಿಯ ಅಟ್ಟೆಯ ಪೆಟ್ಟಿಗೆಗೆ ಮನೆಗಳನ್ನು ಮಾಡಿ, ಒಳಗೆ ಹತ್ತಿಯನ್ನು ಹಾಸಿದರೆ ನಲವತ್ತು ಮಾದರಿಗಳಿಗೆ ಜಾಗವಾಗುವುದು. ಕಪ್ಪು ಹರಳಿಗೆ ಬಿಳಿಯ ಹಾಸು, ಬಿಳಿಯದಕ್ಕೆ ಕಪ್ಪು ಹಾಸು. ದೀಪವು ನೆತ್ತಿಯ ಮೇಲಿದ್ದರೆ ಮುಖಗಳು ಸಪ್ಪೆಯಾಗಿ ಕಾಣುವುವು. ಪಕ್ಕದಿಂದ ಓರೆಯಾಗಿ ಬಿದ್ದರೆ ಒಂದೊಂದು ಅಂಚೂ ಎದ್ದು ತೋರುವುದು. ಹರಳನ್ನು ಅದು ಬೆಳೆದ ತಾಯಿಕಲ್ಲಿನೊಡನೆಯೇ ಇಡುವುದು ಉತ್ತಮ. ಬಿಡಿಸಿ ತೆಗೆದ ಹರಳು ಬೇರಿಲ್ಲದ ಗಿಡದಂತೆ. ಬಣ್ಣಕ್ಕೆ ಬಣ್ಣ ಹೊಂದಿಸಿ ಇಡುವುದಕ್ಕಿಂತ ಸ್ಥಳಕ್ಕೆ ಸ್ಥಳ ಹೊಂದಿಸಿ ಇಟ್ಟರೆ ನೋಡುವವನಿಗೆ ಪಾಠವಾಗುವುದು: ಒಂದು ಸಾಲು ಕುಷ್ಟಗಿ, ಒಂದು ಸಾಲು ಹಟ್ಟಿ, ಒಂದು ಸಾಲು ಸಂಡೂರು, ಒಂದು ಸಾಲು ವಿಜಾಪುರ. ಮಕ್ಕಳಿದ್ದ ಮನೆಯಲ್ಲಿ ಪಟಕವನ್ನು ಬಿಸಿನೀರಿನಲ್ಲಿ ಕರಗಿಸಿ, ನೂಲನ್ನು ಇಳಿಬಿಟ್ಟು, ಎಂಟು ಮುಖದ ಹರಳನ್ನು ಬೆಳೆಯಿಸಿ ಪಕ್ಕದಲ್ಲಿಡಬಹುದು. ಮನೆಯಲ್ಲಿ ಬೆಳೆದುದೆಂದು ಅದಕ್ಕೂ ಚೀಟಿ ಬೇಕು.

ಕೊಂಡುಕೊಳ್ಳಬಾರದೇ ಎಂದು ಕೇಳುವವರಿಗೆ ಬೇಡವೆಂದು ಹೇಳಲಾರೆವು. ಪುಣೆಯ ಹತ್ತಿರದ ವಾಘೋಲಿಯ ನೀಲವರ್ಣದ ಕ್ಯಾವನ್ಸೈಟಾಗಲಿ, ನಾಸಿಕ ಮತ್ತು ಜಳಗಾಂವಗಳ ಕಡೆಯ ಸ್ಟಿಲ್ಬೈಟು ಅಪೋಫಿಲೈಟುಗಳಾಗಲಿ ಲೋಕದ ಎಲ್ಲ ವಸ್ತುಸಂಗ್ರಹಾಲಯಗಳಿಗೂ ಅಲಂಕಾರವಾಗಿರತಕ್ಕವು. ಇವುಗಳನ್ನು ನೋಡಬಯಸುವವರು ನಾಸಿಕದ ಬಳಿಯ ಸಿನ್ನರಿನಲ್ಲಿರುವ ಗಾರ್ಗೋಟಿ ಸಂಗ್ರಹಾಲಯಕ್ಕೆ ಹೋಗಬಹುದು. ಆದರೆ ಕೊಂಡ ಹರಳಿಗೂ ಊರಿನ ಹೆಸರನ್ನು ಕೇಳಿ ಪಡೆಯಬೇಕು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನ ಮಂದಿರದಲ್ಲಿ ಅವರು ಕೂಡಿಸಿದ ಖನಿಜಗಳನ್ನೂ ಹರಳುಗಳನ್ನೂ ಕಾಪಾಡಿಕೊಂಡು ಬಂದಿರುವರು. ಲ್ಯಾಬ್ರಡೊರೈಟು, ಚಂದ್ರಕಾಂತಶಿಲೆ ಇವುಗಳಲ್ಲಿ ಮಿನುಗುವ ಬಣ್ಣವು ಎಲ್ಲಿಂದ ಬರುವುದೆಂದು ಅವರು 1950ರ ಸುಮಾರಿನಲ್ಲಿ ವಿಚಾರಿಸಿದರು. ಈ ಎರಡೂ ಫೆಲ್ಡ್‌ಸ್ಪಾರಿನ ಕುಲದವೇ. ಕುಷ್ಟಗಿಯ ಬಂಡೆಯ ಗುಲಾಬಿ ಕಣಕ್ಕೆ ಬಂಧುಗಳು. ನೊಬೆಲ್ ಪಾರಿತೋಷಕವನ್ನು ಪಡೆದ ಪಂಡಿತರಿಗೆ ಕಲ್ಲಿನ ಮುಂದೆ ಕುಳಿತು ಯೋಚಿಸುವುದು ಕಿರಿದಾಗಿ ತೋರಲಿಲ್ಲ.

ಕಡೆಯದಾಗಿ, ಈ ಹವ್ಯಾಸಕ್ಕೆ ಇಂದು ಒಂದು ಅವಸರವೂ ಒದಗಿರುವುದು. ಬಂಡೆಯು ನಮ್ಮ ಜೀವಮಾನದಲ್ಲಿ ಕರಗುವ ವಸ್ತುವಲ್ಲವೆಂದು ಹಿಂದಿನವರು ನಂಬಿದ್ದರು. ಈಗ ತಂತಿಯ ಗರಗಸಗಳೂ ಯಂತ್ರಗಳೂ ಬಂದು, ಒಂದು ಗುಡ್ಡವು ಒಂದು ತಲೆಮಾರಿನಲ್ಲಿಯೇ ಹೊಂಡವಾಗುವುದನ್ನು ನೋಡುತ್ತಿರುವೆವು. ಆ ಗಣಿಗಳಿಂದ ಅನೇಕ ಕುಟುಂಬಗಳ ಅನ್ನ ನಡೆಯುವುದರಿಂದ ಅವನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗಣಿಗಾರನಿಗೆ ಬೇಕಾದುದು ಒಂದೇ ಬಣ್ಣದ, ಬಿರುಕಿಲ್ಲದ ಚಪ್ಪಡಿ. ಎಳೆಯಿರುವ, ಪೊಳ್ಳಿರುವ, ಹರಳಿರುವ ಭಾಗವು ಅವನಿಗೆ ದೋಷ. ಅದು ಕಸದ ಗುಡ್ಡೆಗೆ ಬಿದ್ದು ಅಲ್ಲಿಂದ ಜಲ್ಲಿಯಾಗಿ ರಸ್ತೆಗೆ ಹೋಗುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೋರ್ ಘಟ್ಟವನ್ನು ಕಡಿದು ಮುಂಬಯಿ ಪುಣೆಗಳ ನಡುವೆ ರೈಲಿನ ದಾರಿಯನ್ನು ಮಾಡಿದಾಗ ಹೊರಬಿದ್ದ ಹರಳುಗಳಲ್ಲಿ ಕೆಲವನ್ನಾದರೂ ಯಾರೋ ಎತ್ತಿಟ್ಟುದರಿಂದ ಅವು ಉಳಿದುವು. ಕುಷ್ಟಗಿಯ ಗುಡ್ಡಗಳಿಗೂ ಅಂಥ ಕೈಗಳು ಬೇಕು.

ಹನುಮಸಾಗರ, ತಾವರಗೇರಾ, ದೋಟಿಹಾಳಗಳಂಥ ಊರುಗಳ ಒಂದೊಂದು ಪಾಠಶಾಲೆಯಲ್ಲಿಯೂ ಒಂದು ಗಾಜಿನ ಕಪಾಟು, ಒಂದು ದಫ್ತರ, ಚೀಟಿ ಬರೆಯುವುದರಲ್ಲಿ ಶ್ರದ್ಧೆಯುಳ್ಳ ಒಬ್ಬ ಉಪಾಧ್ಯಾಯರು ಇಷ್ಟಿದ್ದರೆ ಸಾಕು. ಆಯಾ ಗುಡ್ಡದ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳ ಹತ್ತಾರು ತುಂಡುಗಳು ಅಲ್ಲಿ ಊರಿನ ಹೆಸರಿನೊಡನೆ ಕುಳಿತಿರಲಿ. ಮುಂದೊಂದು ದಿನ ಆ ಗುಡ್ಡವು ಇಲ್ಲದೆಹೋದರೂ, ಅದು ಎಂಥದಾಗಿದ್ದಿತೆಂದು ಕೇಳುವ ಹುಡುಗನಿಗೆ ಕಪಾಟಿನ ಬಾಗಿಲನ್ನು ತೆರೆದು ತೋರಿಸಬಹುದು.